ಚಿತ್ರದೊಳಗೆ ಅಡಗಿ ಬಂದ ಕಳ್ಳ! ಹೊಸ ಬೀಗ ಬಂದಿದೆ, ಜಡಿಯುವವರು ಯಾರು?

ಚಿಕ್ಕೋಡಿ: ಬೀಗದ ಕಂಪನಿಯವನೇ ಬಾಗಿಲಿಗೆ ಬಂದು, ‘ಸಾವುಕಾರ್ರ, ನಿಮ್ಮ ಬೀಗದಾಗ ದೋಷ ಐತಿ, ಹೊಸಾದು ಪುಕ್ಕಟೆ ತಗೋರಿ’ ಎಂದು ಕೊಟ್ಟುಹೋದರೆ, ಅದನ್ನು ಗಲ್ಲೆಯ ಕೆಳಗೆ ಒಗೆದು ಹಳೆಯ ಬೀಗವನ್ನೇ ಜಡಿದು ಮನೆಗೆ ಹೋಗುವ ಅಂಗಡಿಕಾರ ಯಾವ ಪೇಟೆಯಲ್ಲೂ ಸಿಗಲಾರ. ಆದರೆ ಅದೇ ಅಂಗಡಿಯೊಳಗೆ ಕಂಪ್ಯೂಟರ್ ಇದ್ದರೆ ಇದೇ ಕೆಲಸ ವರ್ಷಕ್ಕೆ ಹತ್ತಾರು ಸಲ ನಡೆಯುತ್ತದೆ. ‘ಅಪ್‌ಡೇಟ್ ಬಂದೈತಿ’ ಎಂದು ಪರದೆ ಹೇಳುತ್ತದೆ. ‘ನಾಳಿ ನೋಡೂಣು’ ಎಂದು ಬೆರಳು ಒತ್ತುತ್ತದೆ. ಆ ನಾಳೆ ಬರುವುದೇ ಇಲ್ಲ.

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇವು ಬ್ರೌಸರುಗಳು. ಇಂಟರ್‌ನೆಟ್ ಎಂಬ ಪೇಟೆಗೆ ಇರುವ ಬಾಗಿಲು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲಿಯೇ ಆಗಲಿ, ಬಸ್‌ಸ್ಟ್ಯಾಂಡ್ ಮಗ್ಗುಲಿನ ಝೆರಾಕ್ಸ್-ಕಂಪ್ಯೂಟರ್ ಅಂಗಡಿಗೆ ಜನ ಹೋಗುವುದು ಈ ಬಾಗಿಲಿಗಾಗಿಯೇ. ಹೊಲದ ಉತಾರ, ಜಾತಿ-ಆದಾಯದ ದಾಖಲೆ, ಹುಡುಗರ ಸ್ಕಾಲರ್‌ಶಿಪ್, ರೇಶನ್ ಕಾರ್ಡು, ರೈಲ್ವೆ ರಿಸರ್ವೇಶನ್, ಕಬ್ಬಿನ ಬಿಲ್ಲು ಖಾತೆಗೆ ಬಿತ್ತೋ ಇಲ್ಲವೋ ಎಂಬ ವಿಚಾರಣೆ, ಎಲ್ಲವೂ ಅಲ್ಲಿಂದಲೇ. ಒಂದೇ ಕಂಪ್ಯೂಟರಿನ ಮುಂದೆ ದಿನಕ್ಕೆ ಎಷ್ಟು ಮಂದಿಯ ಆಧಾರ್ ನಂಬರು, ಎಷ್ಟು ಬ್ಯಾಂಕ್ ಪಾಸ್‌ಬುಕ್ಕು ಹಾಯ್ದು ಹೋಗುತ್ತವೆಂಬುದನ್ನು ಲೆಕ್ಕ ಹಾಕಿದರೆ ಎದೆ ಝಲ್ಲೆನ್ನುತ್ತದೆ.

ಈ ಬಾಗಿಲಿನಲ್ಲಿ ಎಂಥ ಬಿರುಕು ಬೀಳುತ್ತದೆಂಬುದಕ್ಕೆ 2023ರ ಸೆಪ್ಟೆಂಬರಿನ ಪ್ರಕರಣವೇ ಸಾಕ್ಷಿ. ಆ ತಿಂಗಳು 6ರಂದು ಆಪಲ್ ಕಂಪನಿಯ ಭದ್ರತಾ ವಿಭಾಗ ಹಾಗೂ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರು ಗೂಗಲ್‌ಗೆ ಒಂದು ದೋಷವನ್ನು ತಿಳಿಸಿದರು. 11ರಂದು ಕ್ರೋಮ್‌ಗೆ ದುರಸ್ತಿ ಬಂತು, ಮರುದಿನ ಫೈರ್‌ಫಾಕ್ಸ್‌ಗೂ ಬಂತು. ಈ ದೋಷವನ್ನು ದುರುಳರು ಆಗಲೇ ಬಳಸುತ್ತಿದ್ದಾರೆಂದು ಗೂಗಲ್ ತಾನೇ ಒಪ್ಪಿಕೊಂಡಿತು.

ದೋಷ ಇದ್ದದ್ದು ಎಲ್ಲಿ? ಒಂದು ಚಿತ್ರದಲ್ಲಿ! ‘ವೆಬ್‌ಪಿ’ ಎಂಬ ಮಾದರಿಯ ಚಿತ್ರವನ್ನು ಬಿಚ್ಚಿ ತೋರಿಸುವ ತಂತ್ರಾಂಶದಲ್ಲಿ. ನಿಪ್ಪಾಣಿಯವರಿಗೆ ತಂಬಾಕಿನ ಗೋದಾಮಿನ ಲೆಕ್ಕದಲ್ಲಿ ಹೇಳಿದರೆ ತಟ್ಟನೆ ತಿಳಿದೀತು. ನೂರು ಬೋದಿಗೆ ಜಾಗ ಮಾಡಿಟ್ಟ ಗೋದಾಮಿಗೆ ನೂರಾ ಹತ್ತು ಬೋದು ಬಂದವು. ಬಾಗಿಲಲ್ಲಿದ್ದ ಹಮಾಲ ಎಣಿಸಲಿಲ್ಲ, ಒಳಗೆ ನೂಕಿದ. ಹೆಚ್ಚಿನ ಹತ್ತು ಬೋದು ಪಕ್ಕದ ಕೋಣೆಗೆ ಉರುಳಿ ಲೆಕ್ಕದ ಪುಸ್ತಕದ ಮೇಲೆ ಬಿದ್ದವು. ಕಂಪ್ಯೂಟರಿನಲ್ಲಾದರೆ ಹೀಗೆ ಉರುಳಿದ್ದು ಬರೀ ಭಾರವಲ್ಲ, ಬರಹ. ಪುಸ್ತಕದಲ್ಲಿ ಏನು ಬರೆಯಬೇಕೆಂದು ಕಳ್ಳನೇ ಮೊದಲು ಗೊತ್ತುಮಾಡಿ ಕಳಿಸಿರುತ್ತಾನೆ. ಚಿತ್ರವನ್ನು ಬಿಚ್ಚುವ ಸಂಕೇತಗಳ ಪಟ್ಟಿ ಇಷ್ಟಕ್ಕಿಂತ ಉದ್ದ ಬರುವುದಿಲ್ಲವೆಂದು ತಂತ್ರಾಂಶ ನಂಬಿ ಕೂತಿತ್ತು. ಬೇಕೆಂದೇ ಕೆಡಿಸಿದ ಚಿತ್ರ ಬಂದಾಗ ಆ ನಂಬಿಕೆ ಸುಳ್ಳಾಯಿತು.

ಇನ್ನೊಂದು ಮಾತು. ಬ್ರೌಸರುಗಳ ಹೆಸರು ಬೇರೆ ಬೇರೆಯಾದರೂ ಈ ಚಿತ್ರ ಬಿಚ್ಚುವ ತಂತ್ರಾಂಶ ಮಾತ್ರ ಎಲ್ಲರದೂ ಒಂದೇ. ಒಂದೇ ಗಿರಣಿಯ ಹಿಟ್ಟು. ಹಿಟ್ಟಿನಲ್ಲಿ ಹರಳಿದ್ದರೆ ಎಲ್ಲರ ರೊಟ್ಟಿಯಲ್ಲೂ ಹರಳು.

‘ಅಥಣಿಯ ಚಪ್ಪಲಿ ಅಂಗಡಿಯವನ ಮ್ಯಾಲೆ ಯಾರ್ ಇಷ್ಟ ಖರ್ಚ ಮಾಡ್ತಾರ್ರೀ?’ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸರಿಯಾಗಿಯೇ ಇದೆ. ಗೂಗಲ್‌ಗಿಂತ ನಾಲ್ಕು ದಿನ ಮುಂಚೆ, ಸೆಪ್ಟೆಂಬರ್ 7ರಂದು, ಐಫೋನಿಗೂ ಇಂಥದೇ ದುರಸ್ತಿ ಬಂದಿತ್ತು. ಅಲ್ಲಿ ನುಗ್ಗಿದ್ದು ಪೆಗಾಸಸ್ ಎಂಬ ಬೇಹು ತಂತ್ರಾಂಶವೆಂದು ಸಿಟಿಜನ್ ಲ್ಯಾಬ್ ಹೇಳಿತು. ಅದು ಬಲು ತುಟ್ಟಿ ಸಾಮಾನು, ದೊಡ್ಡವರ ಬೇಟೆಗೆ ಇರುವಂಥದು. ಅಲ್ಲದೆ ಬ್ರೌಸರಿನೊಳಗೆ ಇನ್ನೊಂದು ಅಡ್ಡಗೋಡೆಯೂ ಉಂಟು, ಒಂದೇ ತೂತಿನಿಂದ ಇಡೀ ಯಂತ್ರ ಸುಲಭವಾಗಿ ಕೈವಶವಾಗದು.

ಆದರೆ ಕತೆ ತಿರುಗುವುದು ದುರಸ್ತಿ ಬಂದ ಮೇಲೆ. ಹಳೆಯ ಬೀಗ, ಹೊಸ ಬೀಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹಳೆಯದರಲ್ಲಿ ತೂತು ಎಲ್ಲಿತ್ತೆಂಬುದು ಸಣ್ಣ ಕಳ್ಳನಿಗೂ ತಿಳಿಯುತ್ತದೆ. ನಿನ್ನೆ ತುಟ್ಟಿಯಾಗಿದ್ದ ವಿದ್ಯೆ ಇಂದು ಸಂತೆಯ ಮಾಲು. ಅದಕ್ಕೆಂದೇ ಬಹುಪಾಲು ಜನ ಹೊಸದನ್ನು ಹಾಕಿಕೊಳ್ಳುವವರೆಗೆ ದೋಷದ ಪೂರ್ತಿ ವಿವರವನ್ನು ಗೂಗಲ್ ಬಚ್ಚಿಡುತ್ತದೆ. 2023ರ ಆಗಸ್ಟಿನಿಂದ ಕ್ರೋಮ್‌ಗೆ ವಾರ ವಾರವೂ ಭದ್ರತಾ ದುರಸ್ತಿ ಕಳಿಸುವ ಪದ್ಧತಿ ಶುರುವಾದದ್ದೂ ಕಳ್ಳನಿಗೆ ಸಿಗುವ ಈ ಸಂದಿಯನ್ನು ಕಿರಿದು ಮಾಡಲೆಂದೇ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯೂ ಬ್ರೌಸರ್ ದೋಷಗಳ ಬಗ್ಗೆ ಆಗಾಗ ಎಚ್ಚರಿಕೆ ಹೊರಡಿಸುತ್ತದೆ. ಅದು ಕಾಗವಾಡದ ಕೌಂಟರಿನವರೆಗೆ ಎಷ್ಟು ಸಲ ಮುಟ್ಟೀತೋ ದೇವರೇ ಬಲ್ಲ.

ಕೌಂಟರಿನಲ್ಲಿ ಕೂತ ಹುಡುಗನನ್ನು ಬೈದು ಉಪಯೋಗವಿಲ್ಲ. ದುರಸ್ತಿ ತಾನಾಗಿಯೇ ಇಳಿದು ಬಂದಿರುತ್ತದೆ, ಆದರೆ ಬ್ರೌಸರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯುವ ತನಕ ಅದು ಜಾರಿಗೆ ಬರುವುದಿಲ್ಲ. ಮುಚ್ಚಿದರೆ? ಅರ್ಧ ತುಂಬಿದ ಅರ್ಜಿ ಹೋಗಬಹುದು, ಮತ್ತೆ ಲಾಗಿನ್, ಮತ್ತೆ ಓಟಿಪಿ. ಅಷ್ಟರಲ್ಲಿ ಸರ್ವರ್ ಡೌನ್! ಹಿಂದೆ ನಿಂತ ಪಾಳಿಯವರು ‘ಲಗೂನ ಮಾಡೋ ತಮ್ಮಾ, ಬಸ್ ಹೋಕ್ಕೈತಿ’ ಎಂದು ಕೂಗುತ್ತಾರೆ. ಹೀಗಾಗಿ ಸೋಮವಾರ ತೆರೆದ ಬ್ರೌಸರು ಶನಿವಾರದ ತನಕ ತೆರೆದೇ ಇರುತ್ತದೆ.

ಇದಕ್ಕಿಂತ ಕೆಟ್ಟ ಪರಿಸ್ಥಿತಿ ಹಳೆಯ ಯಂತ್ರಗಳದು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಕೈಮುಗಿಯಿತು. 2023ರ ಫೆಬ್ರುವರಿಯಲ್ಲಿ ಬಂದ ಕ್ರೋಮ್ 110ರಿಂದ ಮುಂದಿನ ಯಾವುದೂ ವಿಂಡೋಸ್ 7, 8.1ರ ಮೇಲೆ ಓಡುವುದಿಲ್ಲ. 109ಕ್ಕೇ ನಿಂತ ಕಂಪ್ಯೂಟರು ನೋಡಲಿಕ್ಕೆ ಸುರಳೀತ ನಡೆಯುತ್ತದೆ, ಉತಾರವನ್ನೂ ತೆಗೆಯುತ್ತದೆ. ಕೆಟ್ಟು ನಿಂತಿದ್ದರಾದರೂ ಮಾಲಿಕ ಬದಲಿಸುತ್ತಿದ್ದ! ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ಯಂತ್ರ ಕೊಳ್ಳಬೇಕೆಂದರೆ ಪ್ರತಿಗೆ ಎರಡು ರೂಪಾಯಿ ಝೆರಾಕ್ಸ್ ಮಾಡುವವನಿಗೆ ಅದು ಸಣ್ಣ ಮಾತಲ್ಲ. ಊರೂರಿಗೆ ಗ್ರಾಮ ಒನ್ ಕೇಂದ್ರ ತೆರೆದು ಲಾಗಿನ್ ಕೊಟ್ಟ ಸರ್ಕಾರ, ಆ ಲಾಗಿನ್ ಯಾವ ಕಾಲದ ಯಂತ್ರದ ಮೇಲೆ ತೆರೆಯುತ್ತಿದೆ ಎಂದು ಕೇಳಬೇಡವೇ?

ಅಪ್‌ಡೇಟ್ ಎಂಬ ಹೆಸರಿನಲ್ಲಿಯೇ ಮೋಸ ಮಾಡುವವರೂ ಇದ್ದಾರೆ. ಯಾವುದೋ ಪುಟ ತೆರೆದಾಗ ‘ನಿಮ್ಮ ಬ್ರೌಸರ್ ಹಳೆಯದು, ಇಲ್ಲಿ ಒತ್ತಿ’ ಎಂದು ಬಂದರೆ ಒತ್ತಕೂಡದು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ ಫೈಲನ್ನಂತೂ ಮುಟ್ಟಲೇಬಾರದು. ಆಂಡ್ರಾಯ್ಡ್ ಫೋನಿನಲ್ಲಿ ಕ್ರೋಮ್ ದುರಸ್ತಿ ಬರುವುದು ಪ್ಲೇ ಸ್ಟೋರಿನಿಂದ. ಕಂಪ್ಯೂಟರಿನಲ್ಲಾದರೆ ಕ್ರೋಮ್‌ನ ಬಲಮೂಲೆಯ ಮೂರು ಚುಕ್ಕೆ ಒತ್ತಿ, ‘ಹೆಲ್ಪ್’ಗೆ ಹೋಗಿ, ‘ಅಬೌಟ್ ಗೂಗಲ್ ಕ್ರೋಮ್’ ತೆರೆದರೆ ಅದೇ ಹುಡುಕಿ ತರುತ್ತದೆ. ‘ರೀಲಾಂಚ್’ ಒತ್ತಿದರೆ ಆಯಿತು. ರಾತ್ರಿ ಶಟರ್ ಎಳೆಯುವ ಮುಂಚೆ, ಪಾಳಿ ಇಲ್ಲದ ಹೊತ್ತಿನಲ್ಲಿ, ಎರಡು ನಿಮಿಷದ ಕೆಲಸ.

ಗಿರಾಕಿಗಳೂ ಅಷ್ಟೇ, ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿಸಿ, ‘ಪಾಸ್‌ವರ್ಡ್ ಸೇವ್ ಮಾಡಲೇ?’ ಎಂದು ಪರದೆ ಕೇಳಿದರೆ ಬೇಡವೆನ್ನಿಸಿಯೇ ಬಸ್ಸು ಹತ್ತಬೇಕು. ಖಾತೆಯಿಂದ ಹಣ ಹೋದ ಸುಳಿವು ಸಿಕ್ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಗಳಿಗೆಯೇ ಫೋನ್ ಹಚ್ಚಬೇಕು. ಊರಿಗೆ ಹೋಗಿ ಅಣ್ಣ-ತಮ್ಮಂದಿರನ್ನು ಕೇಳಿ ಬರುವಷ್ಟರಲ್ಲಿ ಆ ದುಡ್ಡು ನಾಲ್ಕು ಖಾತೆ ದಾಟಿರುತ್ತದೆ.