ಹೊಗೆ ಎಲ್ಲಿಂದ ಬಂತು?

ಬಂಟ್ವಾಳವನ್ನು ಬಿಟ್ಟು ಬೆಳ್ತಂಗಡಿ, ಉಜಿರೆಗಳನ್ನು ದಾಟಿದ ಹೆದ್ದಾರಿಯು ಚಾರ್ಮಾಡಿ ಘಾಟಿಯನ್ನು ಏರತೊಡಗಿದೊಡನೆ ವಾಹನದೊಳಗಿನ ಹರಟೆ ತಾನಾಗಿಯೇ ಅಡಗುತ್ತದೆ. ತಿರುವಿನ ಮೇಲೆ ತಿರುವು. ಮಳೆಗಾಲವಾದರೆ ಮಂಜು ಬೇರೆ. ಮಕ್ಕಳಿಗೆ ತಲೆ ಸುತ್ತುವುದೂ ಹೊಟ್ಟೆ ತೊಳಸುವುದೂ ಈ ದಾರಿಗೆ ಹೊಸತಲ್ಲ. ಲಿಂಬೆಹಣ್ಣನ್ನು ಕೈಯಲ್ಲಿ ಹಿಡಿದೇ ಹೊರಡುವ ತಾಯಂದಿರಿದ್ದಾರೆ. ಆದರೆ ಹಾಸಿಗೆ, ಒಲೆ, ಪಾತ್ರೆಪದಾರ್ಥಗಳನ್ನೆಲ್ಲ ಹೊತ್ತು ಸಾಗುವ ಹಳೆಯ ಕ್ಯಾಂಪರ್ ವ್ಯಾನಿನಲ್ಲಿ ಸಂಸಾರಸಮೇತ ಹೊರಟವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು: ಈ ವಾಕರಿಕೆ ಘಾಟಿಯದೋ, ಎಂಜಿನ್ನಿನದೋ?

ಪೆಟ್ರೋಲ್ ಎಂಜಿನ್ನು ಉಗುಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಿಂದ ಈ ವಾಯುವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಬಳಿಕ ವಾಕರಿಕೆ, ಮಂಕು. ಕೊನೆಗೆ ಎಚ್ಚರವೇ ತಪ್ಪುತ್ತದೆ. ತಿರುವಿನ ತೊಂದರೆ ಒಬ್ಬಿಬ್ಬರನ್ನು ಕಾಡುವುದೇ ಹೊರತು ವಾಹನ ನಡೆಸುವವನನ್ನು ಕಾಡುವುದು ಅಪರೂಪ. ಚಾಲಕನೂ ಸೇರಿ ಎಲ್ಲರಿಗೂ ಒಟ್ಟಿಗೆ ತಲೆ ನೋಯತೊಡಗಿ, ಕೆಳಗಿಳಿದು ಹೊರಗಿನ ಗಾಳಿಗೆ ನಿಂತಾಗ ಹಗುರವೆನಿಸಿದರೆ ಸಂದೇಹವು ಎಂಜಿನ್ನಿನತ್ತ ತಿರುಗಬೇಕು.

ಈ ವಾಯು ಜಿಲ್ಲೆಗೆ ಅಪರಿಚಿತವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡಿದವು. ಬಸ್ಸಿಗೆ ಜೋಡಿಸಿದ ಉಕ್ಕಿನ ಒಲೆಯಲ್ಲಿ ಅರೆಬರೆ ಉರಿದ ಇದ್ದಿಲಿನಿಂದ ಹೊರಡುತ್ತಿದ್ದ ಆ ಗ್ಯಾಸಿನ ಸತ್ತ್ವವೇ ಕಾರ್ಬನ್ ಮಾನಾಕ್ಸೈಡ್. ಅಂದು ಇಂಧನವಾಗಿದ್ದುದು ಇಂದು ಎಂಜಿನ್ನು ಹೊರಹಾಕುವ ಕಸ. ವಿಷದ ಗುಣ ಮಾತ್ರ ಬದಲಾಗಿಲ್ಲ.

ಕ್ಯಾಂಪರ್ ಎಂದೊಡನೆ ಕಣ್ಣಿಗೆ ಕಟ್ಟುವುದು 1950ರಿಂದ ಜರ್ಮನಿಯಲ್ಲಿ ತಯಾರಾಗತೊಡಗಿದ ಫೋಕ್ಸ್‌ವ್ಯಾಗನ್ ವ್ಯಾನು. ಹಳೆಯ ಮಾದರಿಗಳಲ್ಲಿ ಎಂಜಿನ್ನು ಹಿಂಬದಿಯಲ್ಲಿದೆ. ಅದನ್ನು ತಣಿಸುವುದು ನೀರಲ್ಲ, ಫ್ಯಾನಿನ ಗಾಳಿ. ಚಳಿಗೆ ಒಳಗನ್ನು ಬೆಚ್ಚಗಾಗಿಸಲು ಗಾಳಿಯನ್ನು ಕಾದ ಹೊಗೆಕೊಳವೆಯ ಸುತ್ತಣ ಕವಚದೊಳಗೆ ಹಾಯಿಸಿ ಒಳಕ್ಕೆ ಬಿಡುತ್ತಾರೆ. ಕವಚದೊಳಗಿನ ಕೊಳವೆ ತುಕ್ಕು ಹಿಡಿದು ತೂತಾದರೆ ಶಾಖದೊಡನೆ ಹೊಗೆಯೂ ಒಳಗೆ ಬರುತ್ತದೆ. ಕರಾವಳಿಯ ಮಳೆ ಮತ್ತು ತೇವದಲ್ಲಿ ತುಕ್ಕಿಗೆ ಬಿಡುವೆಂಬುದಿಲ್ಲ.

ಹೊಗೆಗೆ ಇನ್ನೊಂದು ದಾರಿಯೂ ಉಂಟು. ಪೆಟ್ಟಿಗೆಯಾಕಾರದ ವಾಹನ ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ತಗ್ಗಿ ಸುಳಿಯೇಳುತ್ತದೆ. ಸೈಲೆನ್ಸರಿನಿಂದ ಹೊರಟ ಹೊಗೆ ಆ ಸುಳಿಯಲ್ಲಿ ಸಿಕ್ಕಿ, ಹಿಂಬಾಗಿಲ ಸಂದಿನಿಂದ ಮರಳಿ ಒಳಸೇರುತ್ತದೆ. ಸೆಕೆಯೆಂದು ಹಿಂದಿನ ಕಿಟಕಿಯನ್ನಷ್ಟೇ ತೆರೆದಿಡುವುದು ಹೊಗೆಗೆ ಮಣೆ ಹಾಕಿದಂತೆ.

ಮೂಲವನ್ನು ಹುಡುಕುವಲ್ಲಿ ಆತುರ ಸಲ್ಲದು. ಮೊದಲು ವಾಸನೆಯ ಜಾತಿಯನ್ನು ಗುರುತಿಸಬೇಕು. ಹಸಿ ಪೆಟ್ರೋಲಿನ ವಾಸನೆಯಾದರೆ ಇಂಧನದ ರಬ್ಬರ್ ಕೊಳವೆ ಬಿರಿದಿರಬಹುದು. ಎಂಜಿನ್ನನ್ನು ಆರಿಸಿ, ಬೆಂಕಿಯನ್ನು ದೂರವಿಡಬೇಕು. ಸುಟ್ಟ ಎಣ್ಣೆಯ ವಾಸನೆಯಾದರೆ ವಾಲ್ವ್ ಮುಚ್ಚಳದ ಪ್ಯಾಕಿಂಗ್ ಸಡಿಲಾಗಿ ಕಾದ ಕೊಳವೆಯ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿರಬಹುದು. ಕಣ್ಣುರಿಸುವ ಹೊಗೆಯಾದರೆ ಸೈಲೆನ್ಸರನ್ನೂ ಅದರ ಕೀಲುಗಳನ್ನೂ ನೋಡಬೇಕು.

ಎರಡನೆಯದು, ಹೊಗೆ ಬರುವ ಹೊತ್ತು. ಶಾಖದ ಬಾಯಿ ತೆರೆದಾಗ ಮಾತ್ರ ಬಂದರೆ ಕವಚದ ಕೊಳವೆಯ ಮೇಲೆ ಸಂಶಯ. ಓಡುವಾಗ ಮಾತ್ರ ಬಂದರೆ ಹಿಂಬಾಗಿಲ ರಬ್ಬರ್ ಪಟ್ಟಿ. ನಿಂತಾಗಲೂ ಬಂದರೆ ಎಂಜಿನ್ ಕೋಣೆಯ ಗೋಡೆಯಲ್ಲಿ ಇಲ್ಲವೆ ನೆಲದಲ್ಲಿ ರಂಧ್ರವಿರಬಹುದು. ಇರುಳಿನಲ್ಲಿ ಎಂಜಿನ್ನನ್ನು ಆರಿಸಿ, ಅದರ ಕೋಣೆಯೊಳಗೆ ಟಾರ್ಚು ಹಚ್ಚಿಟ್ಟು, ಒಳಗಿನ ಕತ್ತಲಲ್ಲಿ ಕುಳಿತು ನೋಡಿದರೆ ಬೆಳಕಿನ ಎಳೆಯೇ ತೂತನ್ನು ತೋರಿಸಿಕೊಡುತ್ತದೆ. ಹೊಗೆಕೊಳವೆಯ ಕೀಲುಗಳಲ್ಲಿ ಕಪ್ಪು ಮಸಿ ಕಂಡರೆ ಅಲ್ಲಿ ಸೋರಿಕೆಯಿದೆಯೆಂದೇ ಅರ್ಥ.

ಬೆಳ್ತಂಗಡಿಯಿಂದ ವೇಣೂರಿನ ಮೇಲಾಗಿ ಮೂಡುಬಿದಿರೆಗೆ ಬಂದು, 1430ರ ಸಾವಿರ ಕಂಬದ ಬಸದಿಯನ್ನು ನೋಡಿ, ರಾತ್ರಿ ವ್ಯಾನಿನಲ್ಲೇ ಮಲಗುವವರಿಗೆ ಈ ಶೋಧನೆ ಇನ್ನಷ್ಟು ಅಗತ್ಯ. ಇದೇ ಕರಾವಳಿಯ ತೆಂಕಣದಲ್ಲಿ, ಕೇರಳದ ವಡಕರದಲ್ಲಿ, 2024ರ ಡಿಸೆಂಬರಿನಲ್ಲಿ ಹೆದ್ದಾರಿಯ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರ ಶವಗಳು ದೊರೆತವು. ಜನರೇಟರಿನ ವಿಷವಾಯು ನೆಲದ ರಂಧ್ರದಿಂದ ಒಳಸೇರಿತ್ತೆಂಬುದು ತಜ್ಞರ ಪರೀಕ್ಷೆಯಿಂದ ಹೊರಬಿತ್ತು. ಮಲಗಿದವನ ಮೂಗಾಗಲಿ ತಲೆನೋವಾಗಲಿ ಅವನನ್ನು ಎಬ್ಬಿಸಲಾರದು.

ಗಣಿಗಳ ವಿಷವಾಯುವನ್ನು ಮೊದಲೇ ತಿಳಿಯಲು ಪುಟ್ಟ ಪ್ರಾಣಿಗಳನ್ನು ಒಯ್ಯುವಂತೆ 1890ರ ದಶಕದಲ್ಲಿ ಸಲಹೆಯಿತ್ತವನು ಬ್ರಿಟಿಷ್ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್. ಹೀಗೆ ಕ್ಯಾನರಿ ಹಕ್ಕಿ ಗಣಿಗಾರನ ಸಂಗಾತಿಯಾಯಿತು. ಇಂದು ಅಂಗೈಯಗಲದ ಬ್ಯಾಟರಿ ಯಂತ್ರವೊಂದು ಆ ಹಕ್ಕಿಯ ಕೆಲಸವನ್ನು ಮಾಡುತ್ತದೆ, ಅಪಾಯ ಕಂಡೊಡನೆ ಕೂಗುತ್ತದೆ. ಹಾಸಿಗೆಯ ಬಳಿ ಅದೊಂದು ಇರಲೇಬೇಕು. ಹಾಗೆಂದು ಯಂತ್ರವನ್ನು ತೂಗುಹಾಕಿ ತೂತನ್ನು ಮರೆಯಬಾರದು.

ಸಂದೇಹ ಬಂದ ಗಳಿಗೆಯಲ್ಲೇ ವಾಹನವನ್ನು ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಎಲ್ಲರೂ ಹೊರಗಿಳಿಯಬೇಕು. ಮಂಕು ಹಿಡಿದವರನ್ನು ಬೇರೊಂದು ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಬೇಕು. ಬರಿಯ ಗಾಳಿಯಲ್ಲಿ ರಕ್ತದೊಳಗಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ ಸಾಕು. ವ್ಯಾನನ್ನು ಆ ಬಳಿಕ ಎಳೆಸಿಕೊಂಡು ಗ್ಯಾರೇಜಿಗೆ ಒಯ್ದರಾಯಿತು.