ಬಳ್ಳಾರಿಗೆ ಬಂದ ಎರಡು ಕ್ರಿಯಾಪದ

ಬೂದಿ ಬುಧವಾರದಂದು ಕಥೋಲಿಕ ದೇವಾಲಯದಲ್ಲಿ ಗುರುಗಳು ಹೆಬ್ಬೆರಳನ್ನು ಬೂದಿಗೆ ಅದ್ದಿ, ಸಾಲಿನಲ್ಲಿ ಬಂದವರ ಹಣೆಗೆ ಶಿಲುಬೆಯ ಗುರುತು ಎಳೆಯುತ್ತಾರೆ. ಹಿಂದಿನ ವರ್ಷ ಗರಿಗಳ ಭಾನುವಾರ ಜನ ಕೈಯಲ್ಲಿ ಹಿಡಿದು ಮೆರವಣಿಗೆ ಮಾಡಿದ ಗರಿಗಳನ್ನೇ ಒಣಗಿಸಿ, ಸುಟ್ಟು ಮಾಡಿದ ಬೂದಿ ಅದು. ಬೆರಳು ಹಣೆಗೆ ತಾಗುವಾಗ ಹೇಳುವ ಮಾತು ಚಿಕ್ಕದು: ಒಂದೋ ನೀನು ಮಣ್ಣೆಂಬ ನೆನಪು, ಇಲ್ಲವೇ ಪಶ್ಚಾತ್ತಾಪಪಟ್ಟು ಸುವಾರ್ತೆಯನ್ನು ನಂಬು ಎಂಬ ಕರೆ. ಈ ಎರಡನೆಯದು ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ 15ನೇ ವಚನದಿಂದ ಬಂದದ್ದು; ಆ ಸುವಾರ್ತೆಯಲ್ಲಿ ಯೇಸುವಿನ ಬಾಯಿಂದ ಬರುವ ಮೊದಲ ಮಾತೇ ಅದು. ಬಳ್ಳಾರಿ ಸೀಮೆಯಲ್ಲಿ, ದೊಡ್ಡಬಸವೇಶ್ವರನ ಕುರುಗೋಡಿಗೆ, ತುಂಗಭದ್ರೆಯ ದಂಡೆಯ ಸಿರುಗುಪ್ಪಕ್ಕೆ ಹಣೆಯ ಮೇಲಿನ ಬೂದಿ ಹೊಸದಲ್ಲ, ದೇವರನ್ನು ನಂಬುವುದೂ ಹೊಸದಲ್ಲ. ಹೊಸದಾಗಿ ಬಂದದ್ದು ಪಶ್ಚಾತ್ತಾಪ ಮತ್ತು ನಂಬಿಕೆ ಎರಡನ್ನೂ ಒಂದೇ ಉಸಿರಿನಲ್ಲಿ ಕೂಡಿಸಿ ಹೇಳುವ ರೀತಿ. ಇವೆರಡನ್ನು ಬೇರೆ ಮಾಡಿದರೆ ಎರಡೂ ಕೆಡುತ್ತವೆ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯನ್ನು ಗ್ರೀಕ್ ಮೂಲದಲ್ಲಷ್ಟೇ ಅಲ್ಲ, ಕನ್ನಡದ ವ್ಯಾಕರಣದಲ್ಲೂ ಹುಡುಕಬಹುದು.

ಆ ಮಾತು ಕನ್ನಡವಾದದ್ದು ಬಳ್ಳಾರಿಯಲ್ಲಿ. 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಸೀಮೆ ಇದು. ದಂಡು ಬಂದು ನೆಲೆಸಿತು, ಅದರ ಮಗ್ಗುಲಲ್ಲಿ ಕೌಲ್‌ಬಜಾರ್ ಬೆಳೆಯಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಈ ಊರಿಗೆ ಬಂದಾಗ ಕನ್ನಡ ಕಲಿಯಲು ಅಚ್ಚಾದ ವ್ಯಾಕರಣವೇ ಇರಲಿಲ್ಲ. ವಿಲಿಯಂ ಕೇರಿಯ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಊರವರ ಬಾಯಿಂದಲೇ ಭಾಷೆ ಕಲಿತು ಹ್ಯಾಂಡ್ಸ್ ಬೈಬಲ್ ಅನುವಾದಕ್ಕೆ ಕೈಹಾಕಿದ. ಆಮೇಲೆ ಬಂದು ಜೊತೆಗೂಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬಂದಿತ್ತು. ಶತಮಾನದ ನಡುವಿನಲ್ಲಿ ಬೇರೆ ಬೇರೆ ಮಿಷನ್‌ಗಳವರು ಸೇರಿ ಅದನ್ನು ತಿದ್ದಿದರು. ಮಂಗಳೂರು ಕಡೆಯ ಬಾಸೆಲ್ ಮಿಷನ್‌ನ ವೈಗ್ಲೆ ಅವರಲ್ಲೊಬ್ಬ. ಅಂಥ ಅನುವಾದದ ನಿಜವಾದ ಕಷ್ಟ ಊರಿನ, ವಸ್ತುವಿನ ಹೆಸರುಗಳಲ್ಲಿರುವುದಿಲ್ಲ. ಪಾಪ, ಕರ್ಮ, ಪ್ರಾಯಶ್ಚಿತ್ತ, ಭಕ್ತಿ ಎಂಬ ಮಾತುಗಳೆಲ್ಲ ಆಗಲೇ ಸಾವಿರ ವರ್ಷ ಬಾಳಿದ ಭಾಷೆಯಲ್ಲಿ ಹೊಸ ಅರ್ಥಕ್ಕೆ ಯಾವ ಮನೆ ಕೊಡುವುದು ಎಂಬಲ್ಲಿರುತ್ತದೆ.

ಪಶ್ಚಾತ್ತಾಪಕ್ಕೆ ಮಾರ್ಕನ ಗ್ರೀಕ್ ಪದ ‘ಮೆಟನೊಯಿಯ’. ಅಂದರೆ ಮನಸ್ಸು ಬೇರೆಯಾಗುವುದು. ಅದರ ಹಿಂದೆ ‘ಶೂವ್’ ಎಂಬ ಹೀಬ್ರೂ ಕ್ರಿಯಾಪದವಿದೆ. ತಿರುಗು, ಹಿಂದಿರುಗು ಎಂಬ ದಿನಬಳಕೆಯ ಮಾತು. ಲ್ಯಾಟಿನ್ನಿಗೆ ಹೋಗುವಾಗ ಗ್ರೀಕ್ ಪದ ಪ್ರಾಯಶ್ಚಿತ್ತ ಮಾಡಿಕೊಳ್ಳಿ ಎಂಬ ಅರ್ಥದ ಕಡೆ ವಾಲಿತು. ವಿದ್ವಾಂಸ ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿ ಮೂಲದ ಅರ್ಥವನ್ನು ಎದುರಿಗಿಟ್ಟ. ಮರುವರ್ಷ ಲೂಥರ್ ತನ್ನ 95 ಪ್ರಮೇಯಗಳಲ್ಲಿ ಮೊದಲನೆಯದನ್ನೇ ಈ ಪದಕ್ಕೆ ಮೀಸಲಿಟ್ಟು, ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಬೇಕೆಂದ. ಯುರೋಪನ್ನೇ ಅಲುಗಾಡಿಸಿದ ಜಗಳದ ಬುಡದಲ್ಲಿ ಅನುವಾದದ ಪ್ರಶ್ನೆಯೊಂದಿತ್ತು. ಕನ್ನಡ ಚರ್ಚುಗಳಲ್ಲಿ ಇಂದು ಇದಕ್ಕೆ ಮೂರು ಮಾತು ಓಡಾಡುತ್ತವೆ. ‘ಪಶ್ಚಾತ್ತಾಪ’ ಎಂದರೆ ಆದ ಮೇಲಿನ ಉರಿ. ‘ಮಾನಸಾಂತರ’ ಗ್ರೀಕ್ ಪದದ ನೇರ ಪಡಿಯಚ್ಚು. ಮೂರನೆಯದು ಬೈಬಲ್ ಸೊಸೈಟಿಯ ಹಳೆಯ ಅನುವಾದದಲ್ಲಿರುವ ‘ದೇವರ ಕಡೆಗೆ ತಿರುಗಿಕೊಳ್ಳುವುದು’. ನನಗೆ ಮೂರರಲ್ಲಿ ಇದೇ ಹೆಚ್ಚು ಹಿಡಿಸುತ್ತದೆ. ಹೀಬ್ರೂವಿನ ನಡಿಗೆ ಇದರಲ್ಲಿ ಉಳಿದಿದೆ. ಅದಕ್ಕಿಂತ ಮುಖ್ಯ, ‘ಕೊಳ್ಳು’ ಸೇರಿದೆ. ತಿರುಗಿಸುವುದನ್ನು ಇನ್ನೊಬ್ಬರು ಮಾಡಬಹುದು. ತಿರುಗಿಕೊಳ್ಳುವುದನ್ನು ತಾನೇ ಮಾಡಬೇಕು. ಬಲವಂತ ಈ ಕ್ರಿಯಾಪದದೊಳಗೆ ಕಾಲಿಡಲಾರದು.

ಉರಿಗೂ ತಿರುಗುವುದಕ್ಕೂ ಇರುವ ಅಂತರ ಸಣ್ಣದಲ್ಲ. ಬಳ್ಳಾರಿ ಬಸ್ ನಿಲ್ದಾಣದಲ್ಲಿ ಸಿರುಗುಪ್ಪಕ್ಕೆಂದು ಹೊರಟವನು ಕುರುಗೋಡಿನ ಬಸ್ಸು ಹತ್ತಿದನೆನ್ನಿ. ಊರು ದಾಟಿದ ಮೇಲೆ ತಪ್ಪು ತಿಳಿಯುತ್ತದೆ. ಕಿಟಕಿಯ ಪಕ್ಕ ಕೂತು ಹಣೆ ಚಚ್ಚಿಕೊಳ್ಳಬಹುದು, ತನ್ನನ್ನೇ ಬೈದುಕೊಳ್ಳಬಹುದು. ಎಷ್ಟು ಪೇಚಾಡಿದರೂ ಬಸ್ಸು ಒಯ್ಯುವುದು ಕುರುಗೋಡಿಗೇ. ಇಳಿಯಬೇಕು, ರಸ್ತೆಯ ಆಚೆ ಬದಿಗೆ ದಾಟಿ ನಿಲ್ಲಬೇಕು. ಹಾಗೆ ನಿಲ್ಲುವವನು ಮರಳಿ ಹೋಗುವ ಬಸ್ಸು ಬರುತ್ತದೆಂದು ನಂಬಿಯೇ ನಿಲ್ಲುತ್ತಾನೆ. ನಂಬದವನು ಕೂತಲ್ಲಿಂದ ಏಳುವುದೇ ಇಲ್ಲ. ಹೊಸ ಒಡಂಬಡಿಕೆಯ ಇಬ್ಬರು ಶಿಷ್ಯರ ಕಥೆ ಇದನ್ನೇ ಇನ್ನೂ ನೋವಿನಿಂದ ಹೇಳುತ್ತದೆ. ಗುರುವನ್ನು ಹಿಡಿದುಕೊಟ್ಟ ಯೂದ, ಅದಕ್ಕೆ ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು, ತಾನು ಪಾಪ ಮಾಡಿದೆನೆಂದು ಒಪ್ಪಿಕೊಂಡ. ಮತ್ತಾಯ ಅಲ್ಲಿ ಬಳಸಿದ್ದು ‘ಮೆಟನೊಯಿಯ’ದ ಕ್ರಿಯಾಪದವನ್ನಲ್ಲ, ಮರುಗುವುದು ಎಂಬರ್ಥದ ಬೇರೊಂದನ್ನು. ಪೇತ್ರನೂ ಅದರ ಹಿಂದಿನ ರಾತ್ರಿ ಮೂರು ಸಲ ಗುರುವನ್ನು ಅರಿಯೆನೆಂದು ಹೇಳಿ, ಕೋಳಿ ಕೂಗಿದಾಗ ಬಿಕ್ಕಿ ಅತ್ತ. ಇಬ್ಬರ ಕಣ್ಣೀರಿನಲ್ಲಿ ಯಾವುದು ಹೆಚ್ಚು ಎಂದು ಅಳೆಯಲಾಗದು. ಪೇತ್ರನಿಗೆ ಮರಳಿ ಹೋಗಲು ಒಂದು ಮುಖವಿದೆ ಎಂಬ ನಂಬಿಕೆ ಉಳಿದಿತ್ತು, ಯೂದನಿಗೆ ಇರಲಿಲ್ಲ. ನಂಬಿಕೆಯಿಲ್ಲದ ಪಶ್ಚಾತ್ತಾಪ ಮನುಷ್ಯನನ್ನು ಸುಟ್ಟೇ ಬಿಡುತ್ತದೆ.

ಇನ್ನು ನಂಬಿಕೆಯೊಂದೇ ಸಾಲದೇ ಎಂದು ಕೇಳುವವರಿದ್ದಾರೆ. ರಕ್ಷಣೆ ಕೃಪೆಯಿಂದ ಬರುವುದಾದರೆ, ಪಶ್ಚಾತ್ತಾಪವೂ ಬೇಕೆನ್ನುವುದು ಹಿಂಬಾಗಿಲಿನಿಂದ ಕೂಲಿ ಕೇಳಿದಂತಾಗುವುದಿಲ್ಲವೇ? ಗಂಭೀರವಾದ ಆಕ್ಷೇಪಣೆಯೇ. ಆದರೆ ಅದು ನಂಬಿಕೆಯನ್ನು ತಲೆಯೊಳಗಿನ ಒಪ್ಪಿಗೆಗೆ ಇಳಿಸುತ್ತದೆ. ದೇವರೊಬ್ಬನೆಂದು ದೆವ್ವಗಳೂ ನಂಬಿ ನಡುಗುತ್ತವೆಂದು ಯಾಕೋಬನ ಪತ್ರ ಹೇಳುವುದು ಈ ತಪ್ಪಿಗೇ. ಕನ್ನಡದಲ್ಲಿ ನಂಬುವುದು ಸುದ್ದಿಯನ್ನಷ್ಟೇ ಅಲ್ಲ, ಆಳನ್ನು. ನಂಬಿ ಕೈಹಿಡಿದರು, ನಂಬಿ ಸಾಲ ಕೊಟ್ಟರು ಎನ್ನುತ್ತೇವೆ. ಅದೇ ಬೇರಿನಿಂದ ‘ನಂಬಿಕಸ್ಥ’ ಹುಟ್ಟಿದೆ. ಗ್ರೀಕಿನ ‘ಪಿಸ್ಟಿಸ್’ ಕೂಡ ನಂಬುವುದಕ್ಕೂ ನಂಬಿಕೆಗೆ ತಕ್ಕಂತೆ ಬಾಳುವುದಕ್ಕೂ ಒಂದೇ ಪದ. ಒಬ್ಬರನ್ನು ನಂಬಿ ಬೆನ್ನು ತೋರಿಸಿಕೊಂಡೇ ನಿಲ್ಲುವುದು ಹೇಗೆ? ತಿರುಗಿಕೊಳ್ಳುವುದು ನಂಬಿಕೆಗೆ ತೆರುವ ಬೆಲೆಯಲ್ಲ, ನಂಬಿದವನ ಮೈ ಮಾಡುವ ಮೊದಲ ಚಲನೆ. 1937ರಲ್ಲಿ ದೇವತಾಶಾಸ್ತ್ರಜ್ಞ ಬಾನ್‌ಹೋಫರ್ ಜರ್ಮನಿಯ ಚರ್ಚಿಗೆ ಅಗ್ಗದ ಕೃಪೆಯ ವಿಷಯದಲ್ಲಿ ಎಚ್ಚರಿಕೆ ಕೊಟ್ಟದ್ದು, ಪಶ್ಚಾತ್ತಾಪವಿಲ್ಲದೆ ಕ್ಷಮೆ ಹಂಚುವುದನ್ನು ಕಂಡು.

ನಮ್ಮ ಕಡೆ ಇನ್ನೊಂದು ಅನುಮಾನ ಬಲವಾಗಿದೆ: ಇದೆಲ್ಲ ಜನರನ್ನು ಮತಕ್ಕೆ ಸೇರಿಸಿಕೊಳ್ಳುವ ಮಾತಲ್ಲವೇ? ‘ಮತಾಂತರ’ದ ಬಗ್ಗೆ ವಾದ ಇರುವ ನಾಡಿನಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆದರೆ ಸುವಾರ್ತೆ ಕೇಳುವುದು ‘ಮಾನಸಾಂತರ’ವನ್ನು, ಅದನ್ನು ಮೊದಲು ಕೇಳಿದ್ದು ಹೊರಗಿನವರಿಂದಲ್ಲ. ಸ್ನಾನಿಕ ಯೊಹಾನನು ಕೂಗಿ ಹೇಳಿದ್ದು ತನ್ನದೇ ಜನಕ್ಕೆ. ಅಬ್ರಹಾಮ ನಮ್ಮ ಮೂಲಪುರುಷನೆಂಬ ಹೆಮ್ಮೆ ನಿಮ್ಮನ್ನು ಕಾಯದು ಎಂದು. ಬೂದಿ ಹಚ್ಚಿಸಿಕೊಳ್ಳುವವರೂ ಆಗಲೇ ದೀಕ್ಷಾಸ್ನಾನ ಪಡೆದವರೇ. ಏನು ಮಾಡಬೇಕೆಂದು ಜನ ಯೊಹಾನನನ್ನು ಕೇಳಿದಾಗ ಅವನು ಕೊಟ್ಟ ಉತ್ತರಗಳನ್ನು ಲೂಕ ಬರೆದಿಟ್ಟಿದ್ದಾನೆ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತಾದದ್ದಕ್ಕಿಂತ ಹೆಚ್ಚು ವಸೂಲಿ ಮಾಡದಿರಲಿ. ಸಿಪಾಯಿಗಳು ಯಾರನ್ನೂ ಬೆದರಿಸಿ ಸುಲಿಯದೆ ಸಂಬಳದಲ್ಲಿ ತೃಪ್ತಿಪಡಲಿ. ದಂಡಿನ ಊರಾಗಿದ್ದ, ಕಲೆಕ್ಟರನ ಕಚೇರಿಯ ಊರಾಗಿದ್ದ ಬಳ್ಳಾರಿಯಲ್ಲಿ ಈ ವಚನ ಕನ್ನಡವಾದಾಗ ಅದು ಮೊದಲು ತಟ್ಟಬೇಕಾಗಿದ್ದು ಆಳುವವರ ಎದೆಗೇ.

ಉಳಿದ ಆಕ್ಷೇಪಣೆ ಎಲ್ಲಕ್ಕಿಂತ ಕಠಿಣವಾದದ್ದು. ತಪ್ಪು ಮಾಡಿದವನು ದೇವರೆದುರು ಅತ್ತು ಹಗುರಾಗುತ್ತಾನೆ, ಮೋಸಹೋದವನ ಗತಿ? ಈ ಸಿಟ್ಟು ನ್ಯಾಯವಾದದ್ದು, ಪಾಪನಿವೇದನೆಯನ್ನು ವಾರದ ಶುಚಿಕೆಲಸದಂತೆ ನಡೆಸಿಕೊಂಡವರು ಅದನ್ನು ಕೇಳಿಸಿಕೊಳ್ಳಬೇಕು. ಯೆರಿಕೋವಿನ ಜಕ್ಕಾಯ ಸುಂಕದವರ ಮುಖ್ಯಸ್ಥ, ದುಡ್ಡಿದ್ದವನು, ಕುಳ್ಳ. ಗುಂಪಿನಲ್ಲಿ ಕಾಣದೆ ಅತ್ತಿಮರ ಹತ್ತಿದ್ದವನು. ಅವನು ಅತ್ತನೆಂದು ಲೂಕ ಎಲ್ಲೂ ಹೇಳುವುದಿಲ್ಲ. ಎದ್ದುನಿಂತು ಲೆಕ್ಕ ಹೇಳಿದ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು. ಇಲ್ಲಿ ತಿರುಗಿಕೊಳ್ಳುವುದೆಂದರೆ ಯಾರ ಹಣವೋ ಅವರ ಮನೆಬಾಗಿಲಿಗೆ ಹೋಗಿ ನಿಲ್ಲುವುದು. ಆದರೂ ಕಥೆಯ ಕ್ರಮವನ್ನು ಗಮನಿಸಬೇಕು. ಯೇಸು ಮರದ ಕೆಳಗೆ ನಿಂತು ಅವನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಎಂದಾಗ ಜಕ್ಕಾಯ ಇನ್ನೂ ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ.