ಯಂತ್ರಗಳಿಗೂ ಸೆಕೆಯಾಗುತ್ತದೆ

ಮುಂಬಯಿಯ ಸೆಕೆಯ ವಿಷಯವನ್ನು ಮುಂಬಯಿಯವರಿಗೇ ಹೇಳಹೊರಡುವುದು ಸಮುದ್ರಕ್ಕೆ ಉಪ್ಪು ಮಾರಿದಂತೆ. ಯುಗಾದಿ ಕಳೆಯಿತೆಂದರೆ ಸಾಕು, ನಾವೆಲ್ಲ ಕಿಟಕಿ ತೆರೆಯುತ್ತೇವೆ, ಫ್ಯಾನು ಜೋರು ಮಾಡುತ್ತೇವೆ, ಶುಂಠಿ ಕರಿಬೇವು ಹಾಕಿದ ಮಜ್ಜಿಗೆ ಕುಡಿಯುತ್ತೇವೆ, ಲೋಕಲ್ ಗಾಡಿಯಲ್ಲಿ ಬಾಗಿಲ ಬಳಿಯ ಗಾಳಿಗಾಗಿ ಮೊಣಕೈ ತಿವಿದಾಡುತ್ತೇವೆ. ಆದರೆ ಅದೇ ಖೋಲಿಯಲ್ಲಿ ನಮ್ಮೊಡನೆ ವಾಸವಾಗಿರುವ, ಬಾಯಿಲ್ಲದ ಕೆಲವರಿಗೂ ಸೆಕೆಯಾಗುತ್ತದೆಂಬುದನ್ನು ಮರೆಯುತ್ತೇವೆ. ಟೀವಿ, ಸೆಟ್‌ಟಾಪ್ ಪೆಟ್ಟಿಗೆ, ಇಂಟರ್‌ನೆಟ್ಟಿನ ರೌಟರು, ಲ್ಯಾಪ್‌ಟಾಪು, ಮೊಬೈಲು ಇವರೇ ಆ ಬಡಪಾಯಿಗಳು.

ಈ ಪಾಠವನ್ನು ನಾವು 250 ರೂಪಾಯಿ ದಕ್ಷಿಣೆ ಕೊಟ್ಟು ಕಲಿತೆವು. ಒಂದು ಬೇಸಗೆಯಲ್ಲಿ ನಮ್ಮ ಟೀವಿಯ ಚಿತ್ರವು ದಿನವೂ ರಾತ್ರಿ ಎಂಟೂವರೆಗೆ, ಧಾರಾವಾಹಿಯ ಅತ್ತೆ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ, ಸ್ತಬ್ಧವಾಗುತ್ತಿತ್ತು. ಹತ್ತು ನಿಮಿಷ ಆರಿಸಿಟ್ಟರೆ ಮತ್ತೆ ಜೀವ ಬರುತ್ತಿತ್ತು. ಕೇಬಲ್ಲಿನವನನ್ನು ಬೈದೆವು; ವಿದ್ಯುತ್ ಕೊಡುವವರನ್ನು ಬೈದೆವು. ಕೊನೆಗೆ ರಿಪೇರಿಯವನನ್ನು ಕರೆಸಿದೆವು. ಆತ ತನ್ನ ಚೀಲವನ್ನು ಬಿಚ್ಚಲೂ ಇಲ್ಲ. ಶೋಕೇಸಿನ ಗಾಜಿನ ಬಾಗಿಲು ಸರಿಸಿ, ನಮ್ಮ ತಾಯಿಯವರು ಕ್ರೋಶಾ ಕಡ್ಡಿಯಲ್ಲಿ ಹೆಣೆದಿದ್ದ ಹೊದಿಕೆಯನ್ನೆತ್ತಿ, ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು, ವೈದ್ಯನ ಗಾಂಭೀರ್ಯದಿಂದ "ಇದಕ್ಕೆ ಜ್ವರ ಬಂದಿದೆ" ಎಂದ. ಹೊದಿಕೆಯನ್ನು ನಮ್ಮ ಕೈಗಿತ್ತು, ಪೆಟ್ಟಿಗೆಯನ್ನು ಹೊರಗಿನ ಹಲಗೆಯ ಮೇಲಿಟ್ಟು, ಹಣ ತೆಗೆದುಕೊಂಡು ಹೊರಟುಹೋದ. ಅಂದಿನಿಂದ ಅತ್ತೆಯ ಮಾತು ಪೂರ್ತಿಯಾಗಿ ಕೇಳಿಸುತ್ತಿದೆ.

ತಾಯಿಯವರಿಗೆ ಮಾತ್ರ ಸಮಾಧಾನವಾಗಲಿಲ್ಲ. "ಧೂಳು ಕೂರ್ತದೆ ಮಗಾ. ದುಡ್ಡು ಕೊಟ್ಟು ತಂದ ಸಾಮಾನನ್ನು ಹೀಗೆ ಬಯಲಲ್ಲಿ ಇಡುವುದುಂಟೇ?" ಎಂದರು. ಅವರ ಮಾತಿನಲ್ಲಿಯೂ ಹುರುಳಿದೆ. ಮುಂಬಯಿಯಲ್ಲಿ ದೂರದರ್ಶನ ಆರಂಭವಾದುದು 1972ರ ಅಕ್ಟೋಬರ್ 2ರಂದು. ಆ ಕಾಲದ ಟೀವಿಗಳು ಮರದ ಪೆಟ್ಟಿಗೆಯಲ್ಲಿ, ಎಳೆದು ಮುಚ್ಚುವ ಬಾಗಿಲಿನೊಳಗೆ, ದೇವರ ಮಂಟಪದಂತೆ ಮನೆಗೆ ಬಂದವು. ಹೊಟ್ಟೆಬಟ್ಟೆ ಕಟ್ಟಿ ಕೊಂಡ ವಸ್ತುವಿಗೆ ಹೊದಿಕೆ ಹೊದಿಸುವುದು ನಮ್ಮ ಹಿರಿಯರ ಪ್ರೀತಿಯ ರೀತಿ. ಆದರೆ ಯಂತ್ರ ನಡೆಯುತ್ತಿರುವಾಗ ಆ ಪ್ರೀತಿಯೇ ಅದಕ್ಕೆ ಮುಳುವಾಗುತ್ತದೆ.

ಅದು ಹೇಗೆಂಬುದನ್ನು ನೋಡೋಣ. ಹತ್ತು ವಾಟ್ ವಿದ್ಯುತ್ತನ್ನು ನುಂಗುವ ಪೆಟ್ಟಿಗೆ ಕೊನೆಗೆ ಹೆಚ್ಚುಕಡಮೆ ಅಷ್ಟನ್ನೂ ಶಾಖವಾಗಿಯೇ ಹೊರಗೆ ಬಿಡಬೇಕು. ಪೆಟ್ಟಿಗೆಯ ಮೈಮೇಲಿನ ಸೀಳುಗಳು ಅಲಂಕಾರಕ್ಕಾಗಿ ಇರುವುವಲ್ಲ. ಅವು ಅದರ ಮೂಗಿನ ಹೊಳ್ಳೆಗಳು. ಬಿಸಿಗಾಳಿ ಮೇಲಿನಿಂದ ಹೊರಡುತ್ತದೆ, ತಂಪುಗಾಳಿ ಕೆಳಗಿನಿಂದ ಒಳಸೇರುತ್ತದೆ. ಈ ಓಡಾಟ ನಿಂತಿತೆಂದರೆ ಒಳಗಿನ ಗಾಳಿ ಕಂಬಳಿಯಂತಾಗುತ್ತದೆ. ಒಳಗೆ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಗಳಿವೆ, ಕೆಲವುಗಳಲ್ಲಿ ದ್ರವವಿರುತ್ತದೆ. ಶಾಖ 10 ಡಿಗ್ರಿ ಏರಿದರೆ ಇಂಥ ಡಬ್ಬಿಯ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಇಂಜಿನಿಯರರ ರೂಢಿಯ ಲೆಕ್ಕ. ಹತ್ತು ವರ್ಷ ಬಾಳಬೇಕಾದದ್ದು ಐದೇ ವರ್ಷಕ್ಕೆ ಮಲಗುತ್ತದೆ. ನಾವು ಕಂಪನಿಯವರನ್ನು ಶಪಿಸುತ್ತೇವೆ!

ಈ ತೊಂದರೆ ಹೊಸದಲ್ಲ. ನಮ್ಮ ದೇಶದಲ್ಲೇ ತಯಾರಾದ ಮೊದಲ ಗಣಕಯಂತ್ರ ಟಿಫ್ರಾಕ್. ಅದು ಈ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1960ರಲ್ಲಿ ಕೆಲಸಕ್ಕೆ ತೊಡಗಿತು. ಅದರಲ್ಲಿ ಸುಮಾರು 2,700 ವಾಲ್ವುಗಳಿದ್ದವು. ಹಳೆಯ ರೇಡಿಯೋದ ಹಿಂದೆ ಕೆಂಡದಂತೆ ಮಿನುಗುತ್ತಿದ್ದ ನಾಲ್ಕೈದು ವಾಲ್ವುಗಳ ಕಾವನ್ನು ಬಲ್ಲ ಹಿರಿಯರು 2,700 ವಾಲ್ವುಗಳ ಕಾವನ್ನು ಊಹಿಸಿಕೊಳ್ಳಬಹುದು. ಇಂದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಲೆಕ್ಕ ಮಾಡುವ ಯಂತ್ರ ನಮ್ಮ ಅಂಗಿಯ ಜೇಬಿನಲ್ಲಿದೆ. ಅದು ಚಿಕ್ಕದಾಯಿತೆಂದ ಮಾತ್ರಕ್ಕೆ ಕಾಯುವುದನ್ನು ಬಿಟ್ಟಿಲ್ಲ.

ಇನ್ನು ನಮ್ಮ ಊರಿನ ಹವೆ. ಸಾಂತಾಕ್ರೂಜಿನ ವೀಕ್ಷಣಾಲಯದಲ್ಲಿ 1956ರ ಮಾರ್ಚ್ 28ರಂದು 41.7 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದುಂಟು. ಅಂಥ ದಿನಗಳು ಅಪರೂಪ. ನಿಜವಾದ ಉಪದ್ರವ ರಾತ್ರಿಯದು. ಮೇ ತಿಂಗಳಲ್ಲಿ ಬೆಳಗಿನ ಜಾವಕ್ಕೂ ಉಷ್ಣಮಾನ 27 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ, ಹಗಲಿರುಳು ಉರಿಯುವ ರೌಟರಿಗೆ ಬಿಡುವೇ ಇಲ್ಲ. ಹವೆಯ ತೇವ ನಮ್ಮನ್ನು ಕಾಡುವ ರೀತಿಯಲ್ಲಿ ಯಂತ್ರವನ್ನು ಕಾಡುವುದಿಲ್ಲ, ಅದಕ್ಕೆ ಬೆವರಿಲ್ಲವಷ್ಟೆ. ಆದರೆ ತೇವ, ಕಡಲಿನ ಉಪ್ಪು, ಕಟ್ಟಡ ಕೆಲಸದ ಧೂಳು ಮೂರೂ ಸೇರಿ ಅಂಟಿನಂತಾಗಿ ಆ ಸೀಳುಗಳನ್ನು ಮುಚ್ಚಿಬಿಡುತ್ತವೆ. ಬೆಚ್ಚಗಿನ ಜಾಗವೆಂದು ಜಿರಲೆಗಳು ಒಳಗೆ ಸಂಸಾರ ಹೂಡುವುದೂ ಉಂಟು.

ಇದೆಲ್ಲಕ್ಕೂ ಮಿಗಿಲಾದದ್ದು ಜಾಗದ ಅಭಾವ. ವರಳಿ, ನಾಯಗಾಂವ್‌ಗಳಲ್ಲಿ 1920ರ ದಶಕದಲ್ಲಿ ಎದ್ದ ಬಿ.ಡಿ.ಡಿ. ಚಾಳುಗಳ ಒಂದೊಂದು ಖೋಲಿ 160 ಚದರಡಿ. ಅಂಥ ಖೋಲಿಗಳಲ್ಲಿ ಬಾಳಿದವರಿಗೂ, ಉಪನಗರದ ಒಂದು ಕೋಣೆ ಒಂದು ಅಡುಗೆಮನೆಯಲ್ಲಿ ದಿನ ನೂಕುವವರಿಗೂ ಸಾಮಾನನ್ನು ಒಂದರ ಮೇಲೊಂದು ಪೇರಿಸುವುದು ಅನಿವಾರ್ಯವಾದ ವಿದ್ಯೆ. ಸೆಟ್‌ಟಾಪಿನ ಮೇಲೆ ರೌಟರು, ರೌಟರಿನ ಮೇಲೆ ಕರೆಂಟು ಬಿಲ್ಲು, ಅದರ ಮೇಲೆ ಮಗುವಿನ ಬಣ್ಣದ ಪೆಟ್ಟಿಗೆ. ಸಂಜೆಯ ವಿರಾರ್ ಗಾಡಿಯೇ ಸರಿ! ಕೆಳಗಿನ ಯಂತ್ರದ ಕಾವು ಮೇಲಿನದರ ಹೊಟ್ಟೆಗೆ, ಮೇಲಿನದರ ಭಾರ ಕೆಳಗಿನದರ ಮೂಗಿಗೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಪ್ರತಿಯೊಂದು ಪೆಟ್ಟಿಗೆಯ ಸುತ್ತ ಮತ್ತು ಮೇಲೆ ಕಡಮೆಯೆಂದರೆ ನಾಲ್ಕು ಬೆರಳಿನಷ್ಟು ಎಡೆ ಬಿಡತಕ್ಕದ್ದು. ಒಂದರ ಮೇಲೊಂದು ಇಡುವ ಬದಲು ಗೋಡೆಗೆ ಒಂದು ಸಣ್ಣ ಹಲಗೆ ಹೊಡೆಸಿ ಅಕ್ಕಪಕ್ಕದಲ್ಲಿಡಬಹುದು. ಒಲೆಯ ಬದಿ, ಪಡುವಣ ಬಿಸಿಲು ಬೀಳುವ ಕಿಟಕಿ, ಫ್ರಿಜ್ಜಿನ ತಲೆ ಇವು ಮೂರೂ ತಕ್ಕ ಸ್ಥಳಗಳಲ್ಲ. ಫ್ರಿಜ್ಜು ತನ್ನ ಹೊಟ್ಟೆಯ ಬಿಸಿಯನ್ನು ಬೆನ್ನಿನಿಂದಲೋ ಪಕ್ಕದಿಂದಲೋ ಹೊರಗೆ ಹಾಕುವ ಯಂತ್ರವಾದುದರಿಂದ ಅದಕ್ಕೂ ಗೋಡೆಯಿಂದ ಸ್ವಲ್ಪ ದೂರ ಬೇಕು. ಹದಿನೈದು ದಿನಕ್ಕೊಮ್ಮೆ ಪ್ಲಗ್ಗು ಕಿತ್ತು, ಒಣ ಬಟ್ಟೆಯಿಂದಲೋ ಮೆತ್ತನೆಯ ಕುಂಚದಿಂದಲೋ ಸೀಳುಗಳನ್ನು ಒರಸಬೇಕು. ಒದ್ದೆ ಬಟ್ಟೆ ಸಲ್ಲದು. ಒಳಗನ್ನು ನಾವಾಗಿ ಬಿಚ್ಚುವ ಸಾಹಸ ಬೇಡ. ಪ್ಲಗ್ಗು ಕಿತ್ತ ಮೇಲೂ ಆ ಪುಟ್ಟ ಡಬ್ಬಿಗಳಲ್ಲಿ ವಿದ್ಯುತ್ತು ಉಳಿದಿರಬಹುದು.

ಲ್ಯಾಪ್‌ಟಾಪಿನ ಕಥೆ ಬೇರೆ. 2020ರ ಲಾಕ್‌ಡೌನಿನಲ್ಲಿ ಕಚೇರಿ, ಶಾಲೆ ಎರಡೂ ಹಾಸಿಗೆಯ ಮೇಲೆ ಬಂದು ಕುಳಿತವು. ಬಹಳಷ್ಟು ಲ್ಯಾಪ್‌ಟಾಪುಗಳಿಗೆ ಗಾಳಿಯ ದಾರಿ ಇರುವುದು ಅಡಿಯಲ್ಲಿ. ಹತ್ತಿಯ ಹಾಸಿಗೆಯಲ್ಲಿ ಹುಗಿದಿಟ್ಟರೆ ಅದು ತನ್ನ ಪ್ರಾಣ ಉಳಿಸಿಕೊಳ್ಳಲು ನಡೆಯನ್ನು ನಿಧಾನ ಮಾಡುತ್ತದೆ. "ಬಹಳ ಸ್ಲೋ ಆಗಿದೆ, ಹೊಸತು ಕೊಡಿಸಿ" ಎಂದು ಮಕ್ಕಳು ಹಟ ಹಿಡಿಯುವ ಮುನ್ನ, ಊಟಕ್ಕೆ ಕೂರುತ್ತಿದ್ದ ಹಳೆಯ ಮಣೆಯೊಂದನ್ನು ಅಟ್ಟದಿಂದಿಳಿಸಿ ಅದರ ಕೆಳಗಿಟ್ಟು ನೋಡಿರಿ. ನಾವು ಹಾಗೆ ಮಾಡಿ ಒಂದು ವರ್ಷದ ಖರ್ಚನ್ನು ಮುಂದೂಡಿದ್ದೇವೆ.

ಸಾಕೆಟ್ಟಿನ ವಿಷಯ ಹೇಳದಿದ್ದರೆ ತಪ್ಪಾದೀತು. ನಮ್ಮ ಮನೆಗಳ ಸಣ್ಣ ಸಾಕೆಟ್ಟು 6 ಆಂಪಿಯರಿನದು. 230 ವೋಲ್ಟಿನಲ್ಲಿ ಅದು ಹೊರಬಲ್ಲದ್ದು 1,380 ವಾಟ್ ಮಾತ್ರ. ಅದಕ್ಕೊಂದು ಉದ್ದನೆಯ ಪಟ್ಟಿ ಸಿಕ್ಕಿಸಿ ಟೀವಿ, ರೌಟರು, ಚಾರ್ಜರುಗಳ ಜೊತೆಗೆ 1,000 ವಾಟಿನ ಇಸ್ತ್ರಿಪೆಟ್ಟಿಗೆಯನ್ನೂ ಸೇರಿಸಿದರೆ ಮಿತಿ ದೂರವಿಲ್ಲ. ಪ್ಲಗ್ಗು ಕೈಗೆ ಬಿಸಿಯಾಗಿ ತಾಗಿದರೆ, ಸುಟ್ಟ ವಾಸನೆ ಬಂದರೆ, ಕೂಡಲೇ ಆರಿಸಿ ವೈರಮನ್ನನನ್ನು ಕರೆಸಬೇಕು.

ಕೊನೆಯದಾಗಿ ಮೊಬೈಲು. ಇದನ್ನು ಬರೆಯಲು ಸ್ವಲ್ಪ ಹಿಂಜರಿದೆವು, ಆದರೂ ಹೇಳಲೇಬೇಕು. ನಮ್ಮ ತಂದೆಯವರು ಊರಿನಲ್ಲಿದ್ದಾಗ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಒಂದು ರಜೆಯ ಮಧ್ಯಾಹ್ನ ಮನೆಯಲ್ಲೇ, ಎಲ್ಲರ ಒತ್ತಾಯಕ್ಕೆ, ಕರ್ಣನ ಅರ್ಥ ಹೇಳಿದರು. ಅದು ತಾಯಿಯವರ ಮೊಬೈಲಿನಲ್ಲಿ ಉಳಿಯಿತು. ಮರುವರ್ಷ ತಂದೆಯವರು ಉಳಿಯಲಿಲ್ಲ. ತಾಯಿಯವರು ರಾತ್ರಿ ಅದನ್ನು ಕೇಳುತ್ತ, ಮೊಬೈಲನ್ನು ಚಾರ್ಜಿಗೆ ಹಾಕಿ, ದಿಂಬಿನ ಕೆಳಗಿಟ್ಟು ಮಲಗುತ್ತಿದ್ದರು. ಒಂದು ರಾತ್ರಿ ದಿಂಬು ಸುಡತೊಡಗಿ ಎಚ್ಚತ್ತರು. ನೋಡಿದರೆ ಬ್ಯಾಟರಿ ಉಬ್ಬಿ ಗಾಜನ್ನೇ ಎತ್ತಿಬಿಟ್ಟಿತ್ತು. ಬೆಂಕಿ ಹತ್ತಲಿಲ್ಲ, ದೇವರು ದೊಡ್ಡವನು. ಆದರೆ ಆ ಧ್ವನಿಯ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ರಿಪೇರಿಯವನು ಬೇರೆ ಬ್ಯಾಟರಿ ಹಾಕಿ ಮೊಬೈಲಿಗೆ ಜೀವ ಬರಿಸುವವರೆಗೆ ನಾಲ್ಕು ದಿನ ತಾಯಿಯವರು ಸರಿಯಾಗಿ ಊಟ ಮಾಡಲಿಲ್ಲ. ಧ್ವನಿ ಸಿಕ್ಕಿತು. ಈಗ ಅದು ಮೂರು ಕಡೆ ಇದೆ.

ಆದಕಾರಣ ಹೇಳುತ್ತೇವೆ: ಚಾರ್ಜಾಗುವಾಗ ಬ್ಯಾಟರಿ ತಾನಾಗಿಯೇ ಬಿಸಿಯಾಗುತ್ತದೆ, ಅದನ್ನು ದಿಂಬು ಹೊದಿಕೆಗಳ ಕೆಳಗೆ ಇಡಬಾರದು. ಆಪಲ್ ಕಂಪನಿ ತನ್ನ ಫೋನನ್ನು 0 ಯಿಂದ 35 ಡಿಗ್ರಿಯ ಹವೆಯಲ್ಲಿ ಉಪಯೋಗಿಸಲು ಹೇಳುತ್ತದೆ. ನಮ್ಮ ಬೇಸಗೆಯ ಮಧ್ಯಾಹ್ನ ಆ ಅಂಚಿನಲ್ಲೇ ಇದೆ. ಕಾದ ಫೋನನ್ನು ತಂಪಾಗಲೆಂದು ಫ್ರಿಜ್ಜಿನಲ್ಲಿಡುವುದೂ ತಪ್ಪು, ಒಳಗೆ ನೀರಹನಿ ಕಟ್ಟೀತು. ಬ್ಯಾಟರಿ ಉಬ್ಬಿದರೆ ಮತ್ತೆ ಚಾರ್ಜು ಮಾಡದೆ, ಒತ್ತದೆ, ಚುಚ್ಚದೆ, ಮನೆಯ ಕಸಕ್ಕೆ ಹಾಕದೆ, ಇ-ಕಸ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಎಲ್ಲಕ್ಕಿಂತ ಮೊದಲು, ಒಂದೇ ಯಂತ್ರದಲ್ಲಿರುವ ಹಿರಿಯರ ಮಾತು, ಮದುವೆಯ ಚಿತ್ರ, ಮಗುವಿನ ಮೊದಲ ನಗು ಇವುಗಳ ಪ್ರತಿಯನ್ನು ಇಂದೇ ಇನ್ನೊಂದು ಕಡೆ ಇಡಿರಿ. ಯಂತ್ರ ಸುಟ್ಟರೆ ಇನ್ನೊಂದು ಬರುತ್ತದೆ.

ತಾಯಿಯವರ ಕ್ರೋಶಾ ಹೊದಿಕೆ ಏನಾಯಿತೆಂದು ಕೇಳುವಿರಾದರೆ, ಅದಕ್ಕೂ ಕೆಲಸ ಸಿಕ್ಕಿದೆ. ಮಕ್ಕಳ ಪರೀಕ್ಷೆ ಮುಗಿದು ಊರಿಗೆ ಹೊರಡುವ ದಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಪೆಟ್ಟಿಗೆಗಳು ತಣಿದ ಮೇಲೆ, ತಾಯಿಯವರೇ ಅದನ್ನು ಒಪ್ಪವಾಗಿ ಹೊದಿಸುತ್ತಾರೆ. "ಈಗ ಮಲಗಲಿ ಪಾಪ" ಎನ್ನುತ್ತಾರೆ. ನಡೆಯದಿರುವ ಯಂತ್ರಕ್ಕೆ ಹೊದಿಕೆ ಒಳ್ಳೆಯದೇ.